ವಿಮಾನ ಹೊರಡುವ ಮುನ್ನ

ಆಲಮೇಲದ ಬಸ್ ನಿಲ್ದಾಣದಲ್ಲಿ ಕಾಯುವವರಿಗೆ ದರ್ಜೆಗಳಿಲ್ಲ. ಸಿಂದಗಿಯ ಕಚೇರಿಗೆ ಹೊರಟ ಗುಮಾಸ್ತರೂ, ಇಂಡಿಗೆ ಲಿಂಬೆಯ ಚೀಲ ಸಾಗಿಸುವ ರೈತನೂ, ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗಂಡನ ಮನೆಗೆ ಮರಳುವ ಬಾಣಂತಿಯೂ ಒಂದೇ ಕಡೆ ಕುಳಿತು ಒಂದೇ ದಿಕ್ಕಿಗೆ ಕಣ್ಣು ನೆಟ್ಟಿರುತ್ತಾರೆ. ಮುದುಕಿಯೊಬ್ಬಳು ಬಂದರೆ ಯಾರಾದರೊಬ್ಬರು ಸರಿದು, "ಬಾ ಯವ್ವಾ, ಕೂಡು" ಎನ್ನುತ್ತಾರೆ. ಅಷ್ಟೇ ಅಲ್ಲಿಯ ಉಪಚಾರ. ಅದಕ್ಕೆ ಟಿಕೆಟ್ಟು ತೋರಿಸಬೇಕಾಗಿಲ್ಲ.

ಆಲಮೇಲವು ವಿಜಯಪುರ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿರುವ ಊರು. ಬಹುಕಾಲ ಸಿಂದಗಿ ತಾಲೂಕಿಗೆ ಸೇರಿದ್ದು, ಈಚೆಗೆ ತಾನೇ ಒಂದು ತಾಲೂಕಿನ ಕೇಂದ್ರವಾಗಿದೆ. ಭೀಮಾ ನದಿಯ ಆಚೆಗೆ ಅಫಜಲಪುರದ ಸೀಮೆ. ಈಚೆಗೆ ಎರೆಭೂಮಿ, ಜೋಳ, ತೊಗರಿ, ನೀರು ಹರಿದಲ್ಲೆಲ್ಲ ಕಬ್ಬು. ಊರಿಗೆ ರೈಲು ಇಲ್ಲ. ಹೊಟಗಿಯಿಂದ ವಿಜಾಪುರದ ಮೂಲಕ ಗದಗಕ್ಕೆ 1884ರ ಹೊತ್ತಿಗೆ ಹಾಕಿದ ರೈಲುಮಾರ್ಗವು ಇಂಡಿ ರೋಡ್ ನಿಲ್ದಾಣವನ್ನು ಮುಟ್ಟಿ, ಆಲಮೇಲವನ್ನು ದೂರವೇ ಬಿಟ್ಟು ಹೋಯಿತು. ಆದುದರಿಂದ ಇಲ್ಲಿಯವರ ದೂರದ ಪ್ರಯಾಣವೆಲ್ಲ ಮೊದಲು ಬಸ್ಸಿಗಾಗಿ ಕಾಯುವುದರಿಂದಲೇ ಆರಂಭವಾಗುತ್ತದೆ.

ಇಂತಹ ಊರಿನಿಂದ ಇಂದು ಮಕ್ಕಳು ಬೆಂಗಳೂರಿಗೆ ಮಾತ್ರವಲ್ಲ, ಜರ್ಮನಿ, ಅಮೆರಿಕ, ದುಬೈಗಳಿಗೂ ಹೋಗಿ ನೆಲೆಸುತ್ತಿದ್ದಾರೆ. ಅವರ ಹಿಂದೆ ತಾಯಿತಂದೆಗಳೂ ಒಮ್ಮೆ ವಿಮಾನ ಹತ್ತುತ್ತಾರೆ. ಮಗಳ ಬಾಣಂತನವೆಂದರೆ ಯಾವ ತಾಯಿ ತಾನೇ ಕುಳಿತಾಳು? ಇಂಥ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮಗಳು ಫ್ರಾಂಕ್‌ಫರ್ಟಿನಲ್ಲಿದ್ದಾಳೆ, ದಿನ ತುಂಬುತ್ತಿದೆ. ಅಳಿಯನು ಕೆಲಸದ ನಿಮಿತ್ತ ವರ್ಷಗಟ್ಟಲೆ ಹಾರಾಡಿ ಕೂಡಿಸಿಟ್ಟ ಮೈಲಿಗಳ ಲೆಕ್ಕವನ್ನೆಲ್ಲ ಒಮ್ಮೆಲೇ ಮುರಿದು, ಅತ್ತೆಮಾವಂದಿರಿಗೆ ಹೋಗಿಬರಲು ಎರಡು ಪ್ರಥಮ ದರ್ಜೆಯ ಟಿಕೆಟ್ಟುಗಳನ್ನು ಪಡೆದಿದ್ದಾನೆ. ಮಾವನವರ ಮೊಣಕಾಲು ನೋವಿಗೆ ಕಾಲು ಚಾಚಿ ಮಲಗುವ ಆಸನ ಬೇಕೆಂಬುದು ಅವನ ಕಾಳಜಿ. "ವಿಮಾನ ಹತ್ತೂದಕ್ಕ ಮೊದಲು ಲೌಂಜ್ ಐತ್ರಿ ಮಾವಾರ, ಅಲ್ಲೇ ಆರಾಮ ಕೂಡ್ರಿ" ಎಂದು ಫೋನಿನಲ್ಲಿ ಹೇಳಿದ್ದಾನೆ. ಆ ಲೌಂಜ್ ಎಂದರೇನು, ಅಲ್ಲಿ ಏನು ದೊರೆಯುತ್ತದೆ, ಯಾರು ಹಣ ಕೊಡಬೇಕು ಎಂಬುದು ಮನೆಯಲ್ಲಿ ಎರಡು ವಾರಗಳ ಚರ್ಚೆಯಾಯಿತು.

ವಾಸ್ತವವಾಗಿ ಅದು ತೀರ ಹೊಸ ಪದಾರ್ಥವೇನಲ್ಲ. ರೈಲು ನಿಲ್ದಾಣಗಳಲ್ಲಿ ಮೇಲ್ದರ್ಜೆಯ ಪ್ರಯಾಣಿಕರಿಗೆಂದು ಬೇರೆಯೇ ಒಂದು ಕೋಣೆ ಇರುತ್ತಿದ್ದುದನ್ನು ಹಿರಿಯರು ಬಲ್ಲರು. ಬೆತ್ತ ಹೆಣೆದ ಉದ್ದ ಕೈಗಳ ಕುರ್ಚಿ, ನೀರಿನ ಹೂಜಿ, ಬಾಗಿಲಲ್ಲಿ ಟಿಕೆಟ್ಟು ಕೇಳುವ ಜವಾನ. ಮೂರನೆಯ ದರ್ಜೆಯವರು ಹೊರಗೆ ಗಂಟಿಗೆ ತಲೆಯಾನಿಸಿ ಮಲಗುತ್ತಿದ್ದರು. ಭಾರತದ ರೈಲುಗಳಲ್ಲಿ ಮೂರನೆಯ ದರ್ಜೆ 1974ರಲ್ಲಿ ಹೋಯಿತು. ಮೇಲ್ದರ್ಜೆಯವರ ಕೋಣೆಯ ಕಲ್ಪನೆಯು ಮಾತ್ರ ಅದಕ್ಕೂ ಬಹಳ ಮೊದಲೇ ವಿಮಾನ ನಿಲ್ದಾಣವನ್ನು ಸೇರಿ ಅಲ್ಲಿ ಬೆಳೆಯತೊಡಗಿತ್ತು. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 1939ರಲ್ಲಿ ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣದಲ್ಲಿ ತೆರೆದ ಅಡ್ಮಿರಲ್ಸ್ ಕ್ಲಬ್ಬನ್ನು ಇಂಥವುಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಮೊದಮೊದಲು ಅದು ಕಂಪೆನಿಯು ಕರೆದವರಿಗೆ ಮಾತ್ರ ತೆರೆದಿತ್ತು. ಮುಂದೆ ಹಣ ಕೊಟ್ಟು ಸದಸ್ಯರಾಗುವ ಪದ್ಧತಿ ಬಂದಿತು.

ಆಲಮೇಲದಿಂದ ಬೆಂಗಳೂರಿಗೆ ಐದುನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ರಾತ್ರಿಯ ಬಸ್ಸಿನಲ್ಲಿ ಬಂದಿಳಿದು, ನೆಂಟರ ಮನೆಯಲ್ಲಿ ಸ್ನಾನ, ಪೂಜೆ, ಊಟ ಮುಗಿಸಿ, ಸಂಜೆಯ ಮೇಲೆ ದೇವನಹಳ್ಳಿಯ ಹಾದಿ ಹಿಡಿಯಬೇಕು. ಹಿಂದೆ ಬೆಂಗಳೂರಿನ ವಿಮಾನಗಳೆಲ್ಲ ಎಚ್.ಎ.ಎಲ್. ನಿಲ್ದಾಣದಿಂದಲೇ ಹಾರುತ್ತಿದ್ದವು. 2008ರ ಮೇ 24ರಿಂದ ಅವು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಬಂದವು. ಅದರ ಎರಡನೆಯ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಗೊಂಡು, 2023ರ ಸೆಪ್ಟೆಂಬರಿನಲ್ಲಿ ಹೊರದೇಶದ ವಿಮಾನಗಳೂ ಅಲ್ಲಿಗೆ ವರ್ಗವಾದವು. ಬಿದಿರಿನ ಹೊದಿಕೆಯ ಮೇಲ್ಛಾವಣಿ, ತೂಗುಬಿಟ್ಟ ಗಿಡಬಳ್ಳಿ, ನೀರಿನ ಸಪ್ಪಳ. ಹೊಲದಲ್ಲಿ ಬೆಳೆದವರಿಗೆ ಅದು ಪರಕೀಯವೆನಿಸುವುದಿಲ್ಲ.

ಲೌಂಜಿಗೆ ಹೋಗುವ ಮುನ್ನ ತಪಾಸಣೆ. ಇಲ್ಲಿ ಹಳ್ಳಿಯ ತಾಯಂದಿರು ಎರಡು ವಿಷಯಗಳನ್ನು ನೆನಪಿಡಬೇಕು. ಕೈಚೀಲದಲ್ಲಿ ನೂರು ಮಿಲಿಲೀಟರಿಗೆ ಮೀರಿದ ಪಾತ್ರೆಯಲ್ಲಿ ಯಾವ ದ್ರವವನ್ನೂ ಒಯ್ಯುವಂತಿಲ್ಲ. ಮಜ್ಜಿಗೆಯ ಬಾಟಲಿಯನ್ನು ಅಲ್ಲಿಯೇ ಕುಡಿದು ಮುಗಿಸಬೇಕು. ಉಡಿ ತುಂಬಿದಾಗ ಬಂದ ಒಣಕೊಬ್ಬರಿಯ ಬಟ್ಟಲನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸುವಂತಿಲ್ಲ. ಅದರ ಎಣ್ಣೆಯಿಂದ ಬೆಂಕಿಯ ಭಯವಿದೆಯೆಂದು ನಿಷೇಧಿಸಿದ್ದಾರೆ. ರೊಟ್ಟಿಗೂ ಶೇಂಗಾ ಹಿಂಡಿಗೂ ಅಡ್ಡಿಯಿಲ್ಲ.

ಮೊಣಕಾಲು ನೋವಿನವರಿಗೆ ಗಾಲಿಕುರ್ಚಿ ಸಿಗುತ್ತದೆ. ಇದು ಪ್ರಥಮ ದರ್ಜೆಯವರ ಸೊತ್ತಲ್ಲ. ಟಿಕೆಟ್ಟು ಯಾವ ದರ್ಜೆಯದಾಗಿದ್ದರೂ, ಮುಂಚಿತವಾಗಿ ತಿಳಿಸಿದರೆ ವಿಮಾನ ಕಂಪೆನಿಯು ಗಾಲಿಕುರ್ಚಿಯನ್ನೂ ತಳ್ಳುವ ಆಳನ್ನೂ ಒದಗಿಸುತ್ತದೆ. ವಯಸ್ಸಾದವರಿಗೆ ವಿಮಾನ ನಿಲ್ದಾಣದಲ್ಲಿ ದೊರೆಯುವ ಅತ್ಯಂತ ದೊಡ್ಡ ಸೌಕರ್ಯ ಇದೇ ಎಂದರೂ ಸಲ್ಲುತ್ತದೆ. ಲೌಂಜು ಅದರ ತರುವಾಯದ ಮಾತು.

ಬೆಂಗಳೂರಿನ ಲೌಂಜಿನ ಬಗೆಗೆ ಅತಿಯಾದ ಕಲ್ಪನೆಯನ್ನು ಇಟ್ಟುಕೊಳ್ಳಬಾರದು. ವಿಮಾನ ಕಂಪೆನಿಗಳು ತಮ್ಮ ವೈಭವವನ್ನೆಲ್ಲ ತಮ್ಮ ಮೂಲಸ್ಥಾನದಲ್ಲಿ ತೋರಿಸುತ್ತವೆ. ಪರಸ್ಥಳದಲ್ಲಿ ತಮ್ಮ ಪ್ರಯಾಣಿಕರನ್ನು ಎಲ್ಲರಿಗೂ ಸಾಮಾನ್ಯವಾದ ವಿಶ್ರಾಂತಿಗೃಹಕ್ಕೆ ಕಳುಹಿಸಿ, ತಲೆಗಿಷ್ಟೆಂದು ಹಣ ತೆರುವುದೇ ವಾಡಿಕೆ. ಎರಡನೆಯ ಟರ್ಮಿನಲ್ಲಿನಲ್ಲಿ ಇಂಥದಕ್ಕೆ '080' ಎಂದು ಹೆಸರು. ಅದು ಬೆಂಗಳೂರಿನ ದೂರವಾಣಿಯ ಸಂಕೇತ. ಪ್ರಥಮ ದರ್ಜೆಯವರು, ಬಿಜಿನೆಸ್ ದರ್ಜೆಯವರು, ಬ್ಯಾಂಕಿನ ಕಾರ್ಡು ತೋರಿಸಿ ಬರುವವರು ಎಲ್ಲರೂ ಇಂಥ ಲೌಂಜುಗಳಲ್ಲಿ ಕಲೆಯುತ್ತಾರೆ. ನಡುರಾತ್ರಿಯ ಹೊತ್ತಿಗೆ ಯುರೋಪಿನ ವಿಮಾನಗಳು ಹೊರಡುವಾಗ ಜನಸಂದಣಿಯಾದರೆ ಆಶ್ಚರ್ಯಪಡಬೇಕಾಗಿಲ್ಲ.

ಒಳಗೆ ಮೆತ್ತನೆಯ ಕುರ್ಚಿ, ಬಿಸಿ ಊಟ, ಚಹ, ಕಾಫಿ, ಪತ್ರಿಕೆ, ಶುಚಿಯಾದ ಶೌಚಗೃಹ ಇರುತ್ತವೆ. ತಿಂದುದಕ್ಕೆ ಬಿಲ್ಲು ಬರುವುದಿಲ್ಲ. ಇದನ್ನು ಅರಿಯದೆ ಎಷ್ಟೋ ಮಂದಿ ಹಿರಿಯರು ಬರಿಯ ನೀರು ಕುಡಿದು, ಹಸಿದು ಕುಳಿತಿರುವುದುಂಟು. ಆಲಮೇಲದ ತಾಯಿಯೂ ಮೊದಲು ಹಾಗೆಯೇ ಮಾಡಿದಳು. "ಏನ್ರಿ, ಒಂದ್ ಕಪ್ ಚಾಕ್ಕ ಎಷ್ಟ್ ತಗೋತಾರೋ ಏನೋ" ಎಂದು ಪಿಸುಗುಟ್ಟಿದಳು. ಟಿಕೆಟ್ಟಿನಲ್ಲಿಯೇ ಎಲ್ಲ ಸೇರಿದೆಯೆಂದು ಪರಿಚಾರಕನು ತಿಳಿಸಿದ ಮೇಲೆಯೇ ಆಕೆ ಬಟ್ಟಲನ್ನು ಮುಟ್ಟಿದುದು. ಮದ್ಯವೂ ಅಲ್ಲಿರುತ್ತದೆ, ಬೇಡವೆಂದವರನ್ನು ಯಾರೂ ಒತ್ತಾಯಿಸುವುದಿಲ್ಲ. ಶಾಕಾಹಾರಿಗಳು ತಟ್ಟೆಗೆ ಬಡಿಸಿಕೊಳ್ಳುವ ಮೊದಲು ಒಂದು ಮಾತು ಕೇಳುವುದು ಮೇಲು. ಹೊರದೇಶದಲ್ಲಂತೂ ಮೊಟ್ಟೆಯೂ ಬೇಡವೆಂದು ಬಿಡಿಸಿ ಹೇಳಬೇಕು. ಉಡುಪಿನ ಚಿಂತೆ ಬೇಡ. ಧೋತರ, ಇಳಕಲ್ಲ ಸೀರೆ ಎರಡಕ್ಕೂ ಆ ಕುರ್ಚಿಗಳಲ್ಲಿ ಸ್ಥಳವಿದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಬೇರೆಯಿದೆ. ಬಸ್ ನಿಲ್ದಾಣದಲ್ಲಿ ಕಂಡಕ್ಟರನು ಊರಿನ ಹೆಸರು ಕೂಗುತ್ತಾನೆ. ಲೌಂಜಿನಲ್ಲಿ ಯಾರೂ ಕೂಗುವುದಿಲ್ಲ. ಅಲ್ಲಿಯ ನಿಶ್ಶಬ್ದವೇ ಅಲ್ಲಿಯ ಸುಖ, ಅದೇ ಅಲ್ಲಿಯ ಅಪಾಯ. ವಿಮಾನದ ಹೆಸರೂ ಬಾಗಿಲಿನ ಸಂಖ್ಯೆಯೂ ಗೋಡೆಯ ಪರದೆಯ ಮೇಲೆ ಮೂಡುತ್ತವೆ. ಪರದೆಯನ್ನು ಓದಲಾಗದವರು ಒಳಗೆ ಬರುವಾಗಲೇ ಮೇಜಿನ ಬಳಿಯವರಿಗೆ ಹೇಳಿ, ಹೊತ್ತಾದಾಗ ಎಬ್ಬಿಸುವಂತೆ ಕೇಳಿಕೊಳ್ಳಬೇಕು. ಲೌಂಜಿನಿಂದ ವಿಮಾನದ ಬಾಗಿಲಿಗೆ ನಡಿಗೆ ಬಹಳವಿರಬಹುದು. ಹೊರಡುವ ವೇಳೆಗೆ ಮೊದಲೇ ಆ ಬಾಗಿಲು ಮುಚ್ಚುತ್ತದೆ. ಪ್ರಥಮ ದರ್ಜೆಯ ಟಿಕೆಟ್ಟಿದ್ದರೂ ಮುಚ್ಚಿದ ಬಾಗಿಲು ತೆರೆಯುವುದಿಲ್ಲ.

ಹಾಗಾದರೆ ನಿಜವಾದ ಪ್ರಥಮ ದರ್ಜೆಯ ಲೌಂಜು ಎಲ್ಲಿದೆ? ಬೆಂಗಳೂರಿಗೆ ವಿಮಾನ ಹಾರಿಸುವ ಕೆಲವು ಕಂಪೆನಿಗಳ ಮೂಲಸ್ಥಾನಗಳಲ್ಲಿಯೇ ಅದನ್ನು ಕಾಣಬಹುದು. ಎಮಿರೇಟ್ಸ್ ಕಂಪೆನಿಯು ದುಬೈಯಲ್ಲಿ 2013ರಲ್ಲಿ ತೆರೆದ ಎ ವಿಭಾಗದಲ್ಲಿ ಪ್ರಥಮ ದರ್ಜೆಯವರಿಗೆ ಒಂದು ವಿಶಾಲವಾದ ಮಹಡಿಯೇ ಇದ್ದು, ಲೌಂಜಿನಿಂದಲೇ ನೇರವಾಗಿ ಎರಡಂತಸ್ತಿನ ವಿಮಾನದ ಮೇಲಂತಸ್ತಿಗೆ ಹೋಗಬಹುದು. ಲಂಡನ್ನಿನ ಹೀಥ್ರೊ ನಿಲ್ದಾಣದ ಐದನೆಯ ಟರ್ಮಿನಲ್ 2008ರಲ್ಲಿ ಆರಂಭವಾಯಿತು. ಅಲ್ಲಿಯ ಬ್ರಿಟಿಷ್ ಏರ್‌ವೇಸ್ ಕೋಣೆಗೆ, 2003ರಲ್ಲಿ ಹಾರಾಟ ನಿಲ್ಲಿಸಿದ ಕಾಂಕಾರ್ಡ್ ವಿಮಾನದ ಹೆಸರು. ಬಿಜಿನೆಸ್ ದರ್ಜೆಯ ಟಿಕೆಟ್ಟಿನವರಿಗೆ, ಆ ಟಿಕೆಟ್ಟಿಗೆ ಲಕ್ಷಗಟ್ಟಲೆ ತೆತ್ತಿದ್ದರೂ, ಇಲ್ಲಿ ಪ್ರವೇಶ ಸಾಮಾನ್ಯವಾಗಿ ಇಲ್ಲ.

ಫ್ರಾಂಕ್‌ಫರ್ಟಿನಲ್ಲಿ ಲುಫ್ತಾನ್ಸಾ ಕಂಪೆನಿಯು 2004ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲೌಂಜನ್ನು ನಿಲ್ದಾಣದ ಒಳಗೆ ಇಡುವ ಬದಲು, ಪ್ರಥಮ ದರ್ಜೆಯವರಿಗೆಂದೇ ಹೊರಗೆ ಬೇರೆ ಕಟ್ಟಡವನ್ನು ಕಟ್ಟಿತು. ಕಾರು ಅದರ ಬಾಗಿಲಿಗೇ ಬಂದು ನಿಲ್ಲುತ್ತದೆ. ಒಬ್ಬ ಸಹಾಯಕನು ಪಾಸ್‌ಪೋರ್ಟು, ಸಾಮಾನು ಎಲ್ಲವನ್ನೂ ವಹಿಸಿಕೊಳ್ಳುತ್ತಾನೆ. ತಪಾಸಣೆಯೂ ಅಲ್ಲಿಯೇ, ಸಾಲು ನಿಲ್ಲದೆ. ಮೇಜಿಗೆ ತಂದು ಬಡಿಸುವ ಊಟ, ಮಲಗಲು ಮಂಚದ ಕೋಣೆ, ತೊಟ್ಟಿಯುಳ್ಳ ಸ್ನಾನದ ಮನೆ. ಹೊತ್ತಾದಾಗ ಸಹಾಯಕನೇ ಬಂದು ಕರೆಯುತ್ತಾನೆ. ಕೆಳಗೆ ಕಾರು ಕಾಯುತ್ತಿರುತ್ತದೆ. ವಿಮಾನಗಳ ನಡುವೆಯೇ ಓಡಿಸಿಕೊಂಡು ಹೋಗಿ ಏಣಿಯ ಬುಡದಲ್ಲಿ ಇಳಿಸುತ್ತಾರೆ. ದೂರದ ಪ್ರಯಾಣದ ನಡುವೆ ಸ್ನಾನ, ಪೂಜೆಗಳಿಲ್ಲದೆ ಅನ್ನ ಮುಟ್ಟದ ಹಿರಿಯರಿಗೆ ಇಂಥ ಒಂದು ಸ್ನಾನದ ಮನೆ ಎಷ್ಟು ದೊಡ್ಡ ಉಪಕಾರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟೊಂದು ಉಪಚಾರ ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಉತ್ತರ ಸರಳವಾದ ಲೆಕ್ಕದಲ್ಲಿದೆ. ಲುಫ್ತಾನ್ಸಾ ಕಂಪೆನಿಯ ಬೋಯಿಂಗ್ 747-8 ವಿಮಾನದಲ್ಲಿ 364 ಆಸನಗಳು. ಅವುಗಳಲ್ಲಿ ಪ್ರಥಮ ದರ್ಜೆಯವು ಎಂಟು. ಎಂಟು ಜನರಿಗಾಗಿ ಕಾರು ನಿಲ್ಲಿಸಬಹುದು; ಮುನ್ನೂರ ಅರವತ್ತನಾಲ್ಕು ಜನರಿಗಾಗಿ ನಿಲ್ಲಿಸಲಾಗದು. ಅನೇಕ ಕಂಪೆನಿಗಳು ಈಗ ಪ್ರಥಮ ದರ್ಜೆಯನ್ನೇ ತೆಗೆದುಹಾಕಿವೆ. ಆದುದರಿಂದ ಟಿಕೆಟ್ಟು ಕೊಳ್ಳುವಾಗಲೇ, ಆ ದಿನದ ವಿಮಾನದಲ್ಲಿ ಆ ದರ್ಜೆ ಇದೆಯೇ, ಅದರೊಡನೆ ಯಾವ ಲೌಂಜಿಗೆ ಪ್ರವೇಶ, ಜೊತೆಗೊಬ್ಬರನ್ನು ಕರೆದೊಯ್ಯಬಹುದೇ ಎಂಬುದನ್ನು ಕೇಳಿ ತಿಳಿಯಬೇಕು. ಜೊತೆಗಾರರೆಂದರೆ ಅಂದೇ ವಿಮಾನ ಹತ್ತುವವರು, ಬೀಳ್ಕೊಡಲು ಬಂದವರಲ್ಲ. ಈ ಕೊನೆಯ ನಿಯಮವು ಕಾಗದದ ಮೇಲೆ ಬಹಳ ಸಣ್ಣದು. ಆಲಮೇಲದ ದಂಪತಿಗಳಿಗೆ ಅದರ ತೂಕ ತಿಳಿದುದು ಮರಳುವ ದಿನ.

ಜರ್ಮನಿಯೂ ಸೇರಿದಂತೆ ಷೆಂಗೆನ್ ದೇಶಗಳಲ್ಲಿ ಭೇಟಿಗೆಂದು ಬಂದವರು ನೂರ ಎಂಬತ್ತು ದಿನಗಳಲ್ಲಿ ತೊಂಬತ್ತು ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ಹೆರಿಗೆಗೆ ಎರಡು ವಾರ ಮೊದಲು ಹೋದ ತಾಯಿಗೆ ಮೊಮ್ಮಗಳೊಡನೆ ದೊರೆತುದು ಎರಡೂವರೆ ತಿಂಗಳು. ಎಣ್ಣೆ ಹಚ್ಚಿ ಎರೆದದ್ದು, ಲಾಲಿ ಹಾಡಿದ್ದು, ಕೂಸು ಮೊದಲು ಮುಖ ನೋಡಿ ನಕ್ಕದ್ದು ಎಲ್ಲವೂ ಆ ಲೆಕ್ಕದೊಳಗೇ ಮುಗಿಯಬೇಕು. ಆಲಮೇಲದಲ್ಲಾಗಿದ್ದರೆ ಬಾಣಂತಿಯು ಐದು ತಿಂಗಳಾದರೂ ತವರಿನಲ್ಲಿ ಇರುತ್ತಿದ್ದಳು.

ಹೊರಡುವ ದಿನ ಅಳಿಯನು ಮೂರೂವರೆ ಗಂಟೆ ಮುಂಚಿತವಾಗಿಯೇ ಎಲ್ಲರನ್ನೂ ಕರೆತಂದನು. ಮಾವನವರು ಆ ಕಟ್ಟಡದ ವೈಭವವನ್ನೆಲ್ಲ ನಿಧಾನವಾಗಿ ಅನುಭವಿಸಲಿ ಎಂಬುದು ಅವನ ಆಸೆ. ಕೂಡಿಸಿಟ್ಟ ಮೈಲಿಗಳನ್ನು ಅದಕ್ಕಾಗಿಯೇ ತಾನೇ ತೆತ್ತದ್ದು? ಬಾಗಿಲಲ್ಲಿ ನಿಂತ ಹೆಣ್ಣುಮಗಳು ಬಹು ವಿನಯದಿಂದ ಬರಮಾಡಿಕೊಂಡಳು. ಮಗಳು ಕೂಸನ್ನೆತ್ತಿಕೊಂಡು ಹಿಂದೆಯೇ ಬರಲು, ಅಷ್ಟೇ ವಿನಯದಿಂದ, ಪ್ರಯಾಣ ಮಾಡುವವರಿಗೆ ಮಾತ್ರ ಒಳಗೆ ಪ್ರವೇಶವೆಂದು ತಿಳಿಸಿದಳು. ನಿಯಮ ನ್ಯಾಯವಾದುದೇ. ಒಳಗೆ ಪಾಸ್‌ಪೋರ್ಟಿನ ತಪಾಸಣೆಯೂ ನಡೆಯುವುದರಿಂದ ಬೀಳ್ಕೊಡುವವರನ್ನು ಬಿಡಲು ಬರುವುದಿಲ್ಲ.

ತಾಯಿಯು ಬಾಗಿಲಿನೊಳಗಿನ ಮೆತ್ತನೆಯ ಕುರ್ಚಿಗಳನ್ನು ಒಮ್ಮೆ ನೋಡಿದಳು, ಕೂಸನ್ನೊಮ್ಮೆ ನೋಡಿದಳು. "ಒಳಗ ಮೂರು ತಾಸು ಕೂಡೂದಾದ್ರ ನನಗ ಬ್ಯಾಡ" ಎಂದಳು.

"ಯವ್ವಾ, ಇದೆಲ್ಲಾ ಮತ್ತ ಸಿಗೂದಿಲ್ಲ. ಅಪ್ಪನ ಕಾಲರ ಆರಾಮ ಆಗ್ತಾವು" ಎಂದಳು ಮಗಳು.

"ಕಾಲು ವಿಮಾನದಾಗ ಚಾಚತೀನಿ ತಗೊ" ಎಂದು ತಂದೆಯೇ ಹಿಂದೆ ತಿರುಗಿದನು.

ನಾಲ್ವರೂ ಕೂಸಿನೊಡನೆ ಸಾಮಾನ್ಯ ಟರ್ಮಿನಲ್ಲಿಗೆ ಹೋಗಿ ಒಂದು ಬೆಂಚಿನ ಮೇಲೆ ಕುಳಿತರು. ಎಲ್ಲ ದೇಶಗಳ ಜನರೂ ಗಂಟುಮೂಟೆಗಳೊಡನೆ ಓಡಾಡುವ ಸ್ಥಳವದು. ಮಗಳು ಚೀಲದಿಂದ ಚಪಾತಿ, ಶೇಂಗಾ ಹಿಂಡಿ ತೆಗೆದಳು. ಕೂಸು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಯಿತು. ಪಕ್ಕದಲ್ಲಿ ನಿಂತಿದ್ದ ಒಬ್ಬ ಪರದೇಶಿ ಮುದುಕಿಗೆ ಆಲಮೇಲದ ತಾಯಿ ಸರಿದು ಜಾಗ ಮಾಡಿ, ಕನ್ನಡದಲ್ಲಿಯೇ "ಕೂಡು ಬಾ" ಎಂದಳು. ಆಕೆಗೆ ಅರ್ಥವಾಯಿತು. ಎರಡು ತಾಸು ಹೀಗೆಯೇ ಕಳೆಯಿತು. ಅಷ್ಟು ಹೊತ್ತು ಆ ದೊಡ್ಡ ಕಟ್ಟಡದಲ್ಲಿ ಇವರಿಗಾಗಿ ಇಟ್ಟಿದ್ದ ಮೇಜು, ಮಂಚ, ಬಿಸಿನೀರು ಎಲ್ಲವೂ ಹಾಗೆಯೇ ಇದ್ದವು.

ಲೌಂಜುಗಳನ್ನು ಹಳಿಯಲು ಈ ಮಾತು ಹೇಳಿದುದಲ್ಲ. ಒಂಟಿಯಾಗಿ, ಖಂಡದಿಂದ ಖಂಡಕ್ಕೆ ಹೋಗುತ್ತಾ, ಎರಡು ವಿಮಾನಗಳ ನಡುವೆ ಐದಾರು ತಾಸು ಕಳೆಯಬೇಕಾದವನಿಗೆ ಅಲ್ಲಿಯ ಒಂದು ಸ್ನಾನ, ಒಂದು ನಿದ್ದೆ ಸ್ವರ್ಗವೇ ಸರಿ. ಆ ತಾಸುಗಳನ್ನು ಅವನು ಬೇರೆ ಯಾರಿಗೂ ಕೊಡಬೇಕಾಗಿಲ್ಲ. ಊರು ಬಿಡುವವನಿಗೆ, ಮಗಳನ್ನು ಬಿಟ್ಟು ಬರುವವಳಿಗೆ ಆ ತಾಸುಗಳ ಬೆಲೆಯೇ ಬೇರೆ. ಪ್ರಥಮ ದರ್ಜೆಯ ಟಿಕೆಟ್ಟು ಕೊಡಿಸುವ ಮಕ್ಕಳು ಈ ಲೆಕ್ಕವನ್ನೂ ಮಾಡಿ, ಕೊನೆಯ ಒಂದು ತಾಸಿಗೆ ಮಾತ್ರ ಹಿರಿಯರನ್ನು ಒಳಗೆ ಕಳುಹಿಸುವುದು ಜಾಣತನ. ಸಾಲಿನಲ್ಲಿ ನಿಲ್ಲುವ ಕಷ್ಟ ಹೇಗೂ ತಪ್ಪುವುದರಿಂದ ಅಷ್ಟು ಹೊತ್ತು ಅಲ್ಲಿ ಸಾಲುತ್ತದೆ.

ಆಲಮೇಲದ ದಂಪತಿಗಳೂ ಕೊನೆಯ ತಾಸಿಗೆ ಒಳಗೆ ಹೋದರು. ತಂದೆ ಬಿಸಿನೀರಿನಿಂದ ಕೈಕಾಲು ತೊಳೆದು, ಚಹ ಕುಡಿದು, ಮೆತ್ತನೆಯ ಕುರ್ಚಿಯಲ್ಲಿ ಐದು ನಿಮಿಷ ಕಣ್ಣು ಮುಚ್ಚಿದನು. ತಾಯಿ ಏನನ್ನೂ ಮುಟ್ಟಲಿಲ್ಲ. ಸ್ನಾನದ ಮನೆಯ ತೊಟ್ಟಿಯ ಅಂಚಿನಲ್ಲಿ ಒಂದು ಪುಟ್ಟ ರಬ್ಬರಿನ ಬಾತುಕೋಳಿ ಇತ್ತು. ಅದು ಆ ಕಟ್ಟಡದ ಹೆಸರಾಂತ ನೆನಪಿನ ಕಾಣಿಕೆ. ಪ್ರಯಾಣಿಕರು ಅದನ್ನು ಮನೆಗೊಯ್ಯುವುದುಂಟು. ತಾಯಿಗೆ ಇದು ಗೊತ್ತಿರಲಿಲ್ಲ. ಕೈಗೆತ್ತಿಕೊಂಡು, ಮರಳಿ ಇಟ್ಟು, ಮತ್ತೆ ಎತ್ತಿಕೊಂಡುದನ್ನು ಕಂಡ ಪರಿಚಾರಿಕೆಯು ನಕ್ಕು, ಒಯ್ಯಿರೆಂದು ಸನ್ನೆ ಮಾಡಿದಳು.

ಕೂಸಿಗೆ ಕೊಡೋಣವೆಂದರೆ ಕೂಸು ಆಗಲೇ ಬಾಗಿಲಿನಾಚೆ ಉಳಿದಿತ್ತು. ಸಹಾಯಕನು ಬಂದು ಕರೆದನು; ಕಾರು ವಿಮಾನದ ಬುಡಕ್ಕೆ ಒಯ್ದಿತು. ಬಾತುಕೋಳಿ ಸೆರಗಿನ ಗಂಟಿನಲ್ಲಿ ಬೆಂಗಳೂರಿಗೆ ಬಂದು, ರಾತ್ರಿಯ ಬಸ್ಸಿನಲ್ಲಿ ಆಲಮೇಲವನ್ನು ಸೇರಿತು. ಈಗ ಅದು ಪಡಸಾಲೆಯ ಗೋಡೆಯ ಮಾಡದಲ್ಲಿ, ದೀಪದ ಪಕ್ಕದಲ್ಲಿದೆ. ನೆರೆಮನೆಯ ಮಕ್ಕಳು ಆಡಲು ಕೇಳಿದರೆ ತಾಯಿ ಕೊಡುವುದಿಲ್ಲ. ಮೊಮ್ಮಗಳು ಊರಿಗೆ ಬಂದಾಗ ನೀರೆರೆಯುವ ಹೊತ್ತಿಗೆ ಅದು ಬೇಕಾಗುತ್ತದೆ.